ಸೈನಿಕ ಸೆರೆ ಸಿಕ್ಕರೆ ಮನೆಗೆ ಸುದ್ದಿ ಹೇಗೆ ಬರುತ್ತದೆ?

ಪ್ರಶ್ನೆ: ನನ್ನ ತಮ್ಮ ಮಿಲ್ಟ್ರಿಯೊಳಗ ಅದಾನ್ರಿ. ಯುದ್ಧದಾಗ ಯಾರರೆ ವೈರಿ ಕೈಗೆ ಸಿಕ್ಕರ ಮನಿಗೆ ಹೆಂಗ ಗೊತ್ತಾಗತೈತಿ? ನಾವು ಬರದ ಕಾಗದ ಅವರಿಗೆ ಮುಟ್ಟತೈತೇನ್ರಿ?
(ಗೋಕಾಕ ತಾಲೂಕಿನ ಓದುಗರು)

ಉತ್ತರ: ಮುಟ್ಟಬೇಕು, ಅದು ಸೆರೆಯಾದವರ ಹಕ್ಕು. ಆದರೆ ಎಲ್ಲಕ್ಕೂ ಮೊದಲು ಒಂದು ಸಣ್ಣ ಕಾರ್ಡ್ ಹೊರಡಬೇಕು.

ಯುದ್ಧದಲ್ಲಿ ಸೆರೆಯಾದವರನ್ನು ಹೇಗೆ ನಡೆಸಿಕೊಳ್ಳಬೇಕೆಂದು ಹೇಳುವ 1949ರ ಮೂರನೇ ಜಿನೀವಾ ಒಪ್ಪಂದದ ಪ್ರಕಾರ, ಸೈನಿಕ ಸೆರೆಶಿಬಿರ ತಲುಪಿದ ಒಂದು ವಾರದೊಳಗೆ ಅವನಿಗೆ ಎರಡು ಕಾರ್ಡ್ ಬರೆಯಲು ಬಿಡಬೇಕು. ಒಂದು ನೇರ ಮನೆಗೆ, ಇನ್ನೊಂದು ಸೆರೆಯಾಳುಗಳ ಮಾಹಿತಿ ಕೂಡಿಡಲು ಜಿನೀವಾದಲ್ಲಿ ರೆಡ್‌ಕ್ರಾಸ್ ನಡೆಸುವ ಕೇಂದ್ರ ಏಜೆನ್ಸಿಗೆ. ಆಸ್ಪತ್ರೆಗೆ ಸೇರಿಸಿದರೆ, ಬೇರೆ ಶಿಬಿರಕ್ಕೆ ಸಾಗಿಸಿದರೆ ಮತ್ತೆ ಹಾಗೆಯೇ. ಕಾರ್ಡಿನ ನಮೂನೆ ಒಪ್ಪಂದದಲ್ಲೇ ಇದೆ: 15 ಸೆಂ.ಮೀ. ಉದ್ದ, 10.5 ಸೆಂ.ಮೀ. ಅಗಲ. ಹೆಸರು, ತಂದೆಯ ಹೆಸರು, ಹುಟ್ಟಿದ ದಿನ, ಹುಟ್ಟೂರು, ಹುದ್ದೆ, ಆರ್ಮಿ ನಂಬರ್, ಮನೆಯವರ ವಿಳಾಸ, ಸೆರೆಯಾದ ದಿನ. ಅದರ ಕೆಳಗೆ ಆರೋಗ್ಯವಾಗಿದ್ದೇನೆ, ಸಣ್ಣ ಗಾಯ, ಭಾರಿ ಗಾಯ ಎಂಬಂಥ ಸಾಲುಗಳು. ತನಗೆ ಹೊಂದದ್ದನ್ನು ಹೊಡೆದುಹಾಕಿ ಸಹಿ ಹಾಕುತ್ತಾನೆ. ಬೇರೆ ಏನನ್ನೂ ಸೇರಿಸುವಂತಿಲ್ಲ. ಹೆತ್ತವರಿಗೆ ಅಷ್ಟು ತಿಳಿದರೂ ಜೀವ ಬಂದಂತೆ.

ಆಮೇಲೆ ಸೆರೆಯಾದವನು ತಿಂಗಳಿಗೆ ಕನಿಷ್ಠ ಎರಡು ಪತ್ರ, ನಾಲ್ಕು ಕಾರ್ಡ್ ಬರೆಯಬಹುದು, ಅಂಚೆ ವೆಚ್ಚವಿಲ್ಲ. ಸಾಮಾನ್ಯವಾಗಿ ಮಾತೃಭಾಷೆಯಲ್ಲೇ ಬರೆಯಬೇಕೆಂಬುದು ನಿಯಮ, ಅಂದರೆ ಕನ್ನಡದಲ್ಲೇ. ತೊಡಕು ಇಲ್ಲಿಯೇ. ಪ್ರತಿ ಪತ್ರವೂ ಸೆನ್ಸಾರ್ ಆಗುತ್ತದೆ. ಕನ್ನಡ ಓದಬಲ್ಲವರು ಅಲ್ಲಿ ಸಿಗದಿದ್ದರೆ ಪತ್ರಗಳ ಸಂಖ್ಯೆಗೆ ಮಿತಿ ಹಾಕಲು ಒಪ್ಪಂದವೇ ಅವಕಾಶ ಕೊಡುತ್ತದೆ. ಹಾಗಾಗಿ ಮನೆಯಿಂದ ನೀವು ಬರೆಯುವಾಗಲೂ ಚಿಕ್ಕದಾಗಿ, ಬಿಡಿ ಅಕ್ಷರದಲ್ಲಿ, ಮನೆ ಸುದ್ದಿ ಮಾತ್ರ ಬರೆಯಿರಿ. ಯಾವ ಯೂನಿಟ್ ಎಲ್ಲಿದೆ ಎಂಬ ಮಾತು ಬೇಡವೇ ಬೇಡ.

ನಿಜವಾದ ಅಪಾಯ ಕಾರ್ಡೇ ಹೊರಡದಿದ್ದಾಗ. ಹೆಸರು ದಾಖಲಾಗದ ಸೆರೆಯಾಳನ್ನು ‘ನಮ್ಮ ಬಳಿ ಇಲ್ಲವೇ ಇಲ್ಲ’ ಎಂದುಬಿಡುವುದು ಸುಲಭ. 1971ರಲ್ಲಿ ಭಾರತದ ವಶಕ್ಕೆ ಬಂದ ಸುಮಾರು 93,000 ಮಂದಿ 1974ರ ಏಪ್ರಿಲ್ ಹೊತ್ತಿಗೆ ಪಾಕಿಸ್ತಾನಕ್ಕೆ ಮರಳಿದರು. ಆದರೆ 1965 ಮತ್ತು 1971ರ ಯುದ್ಧಗಳಿಂದ ಬಾರದ ನಮ್ಮ 54 ಮಂದಿ ಅಲ್ಲಿಯ ಸೆರೆಯಲ್ಲಿದ್ದಾರೆಂದು ಭಾರತ ಸರ್ಕಾರ ನಂಬಿದೆ, ಪಾಕಿಸ್ತಾನ ಒಪ್ಪಿಲ್ಲ. ಆ ಮನೆಗಳವರು ಅತ್ತು ಮುಗಿಸಲೂ ಆಗದೆ ಉಳಿದಿದ್ದಾರೆ.

ನಿಮ್ಮ ಕೈಯಲ್ಲಿರುವ ಕೆಲಸ: ತಮ್ಮನ ಆರ್ಮಿ ನಂಬರ್ ಮತ್ತು ದಾಖಲೆಯಲ್ಲಿರುವಂತೆಯೇ ಪೂರ್ತಿ ಹೆಸರು, ಅಡ್ಡಹೆಸರು ಬರೆದಿಡಿ. ಮನೆ ಬದಲಿಸಿದರೆ, ಮದುವೆಯಾದರೆ ಅವನ ರೆಜಿಮೆಂಟಿನ ರೆಕಾರ್ಡ್ಸ್ ಆಫೀಸಿಗೆ ತಿಳಿಸಲು ಹೇಳಿ. ಮರಾಠಾ ಲೈಟ್ ಇನ್‌ಫೆಂಟ್ರಿಯವನಾದರೆ ಅದು ಬೆಳಗಾವಿಯಲ್ಲೇ ಇದೆ. ವಿಳಾಸದಲ್ಲಿ ತಾಲೂಕು, ಪಿನ್‌ಕೋಡ್ ಇರಲೇಬೇಕು. ಹೊಸೂರು ಎಂದಷ್ಟೇ ಬರೆದರೆ ಯಾವ ಹೊಸೂರು?