ಬೇರಿನ ಹೊರಕೋಶ ಬ್ಯಾಕ್ಟೀರಿಯಾ ತಾಗಿದರೂ ಯಾಕೆ ಸುಮ್ಮನಿರುತ್ತದೆ?

ಎರಡು ದಿನ ತಲೆ ತಿಂದ ಪ್ರಶ್ನೆ ಇದು. ಅರ್ಥ ಆದದ್ದು ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಸಸ್ಯರೋಗ ಓದುತ್ತಿರುವ ನಿಮಗೂ ಉಪಯೋಗ ಆಗಬಹುದು.

ಪದರಗಳನ್ನು ಬೇಗ ಮುಗಿಸೋಣ. ತುದಿಯಲ್ಲಿ ಬೇರಿನ ಟೊಪ್ಪಿಗೆ. ಅದರ ಅಂಚಿನ ಕೋಶಗಳು ಕಳಚಿಕೊಳ್ಳುತ್ತವೆ, ಲೋಳೆ ಬಿಡುತ್ತವೆ, ರೋಗಾಣು ಆ ಲೋಳೆಗೆ ಸಿಕ್ಕಿಕೊಳ್ಳುತ್ತದೆ. ಮೇಲೆ ಎಪಿಡರ್ಮಿಸ್ (ಹೊರಕೋಶಗಳ ಪದರ), ಒಳಗೆ ಕಾರ್ಟೆಕ್ಸ್, ಆಮೇಲೆ ಎಂಡೋಡರ್ಮಿಸ್. ಎಂಡೋಡರ್ಮಿಸ್ ಕೋಶಗಳ ನಡುವಿನ ಸಂದನ್ನು ಲಿಗ್ನಿನ್‌ನಿಂದಾದ ಕ್ಯಾಸ್ಪೇರಿಯನ್ ಪಟ್ಟಿ ಮುಚ್ಚಿರುತ್ತದೆ. ಅದರಾಚೆ ನೀರು ಸಾಗಿಸುವ ಕ್ಸೈಲಂ.

ನಾನು ಎಡವಿದ್ದು ಎಪಿಡರ್ಮಿಸ್‌ನಲ್ಲಿ. ಬ್ಯಾಕ್ಟೀರಿಯಾದ ಬಾಲ ಫ್ಲಜೆಲ್ಲಿನ್ ಎಂಬ ಪ್ರೋಟೀನಿನದು. ಅದರಲ್ಲಿ 22 ಅಮೈನೋ ಆಮ್ಲಗಳ ಒಂದು ತುಣುಕನ್ನು ಗಿಡದ ಕೋಶದ ಮೇಲಿರುವ ಎಫ್‌ಎಲ್‌ಎಸ್2 ಎಂಬ ರಿಸೆಪ್ಟರ್ (ಗುರುತು ಹಿಡಿಯುವ ಪ್ರೋಟೀನ್) ಪತ್ತೆ ಮಾಡುತ್ತದೆ. ಹಾಗಾದರೆ ಮಣ್ಣಿಗೆ ತಾಗಿಕೊಂಡೇ ಇರುವ ಹೊರಕೋಶ ಎಲ್ಲಕ್ಕಿಂತ ಜೋರಾಗಿ ಎಚ್ಚೆತ್ತುಕೊಳ್ಳಬೇಕು, ಅಲ್ವಾ? ಬೇರಿನ ಬಲಿತ ಭಾಗದಲ್ಲಿ ಹಾಗಾಗುವುದಿಲ್ಲ. ಹೆಚ್ಚುಕಡಿಮೆ ಸುಮ್ಮನೇ ಇರುತ್ತದೆ.

ಕಾರಣ ಮಣ್ಣಿನಲ್ಲೇ ಇದೆ. ಒಂದು ಹಿಡಿ ಮಣ್ಣಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ. ಬಾಲ ಕೇಡು ಮಾಡುವವಕ್ಕೂ ಇದೆ, ಮಾಡದವಕ್ಕೂ ಇದೆ. ಬಾಲ ಕಂಡಾಗಲೆಲ್ಲ ಹೋರಾಟಕ್ಕೆ ನಿಂತರೆ ಬೇರು ಬೆಳೆಯುವುದು ಯಾವಾಗ?

2020ರಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನ್ ವಿಶ್ವವಿದ್ಯಾಲಯದ ಗುಂಪು ಅರಬಿಡಾಪ್ಸಿಸ್ ಎಂಬ ಪ್ರಯೋಗಾಲಯದ ಪುಟ್ಟ ಗಿಡದ ಬೇರಿನಲ್ಲಿ ಲೇಸರ್ ಬಿಟ್ಟು ಒಂದೊಂದೇ ಕೋಶ ಸುಟ್ಟು ನೋಡಿತು. ಸುಟ್ಟ ಕೋಶದ ಅಕ್ಕಪಕ್ಕದವುಗಳಲ್ಲಿ ಎಫ್‌ಎಲ್‌ಎಸ್2 ಜಾಸ್ತಿಯಾಯಿತು. ಅದುವರೆಗೆ ಸುಮ್ಮನಿದ್ದ ಅವೇ ಕೋಶಗಳು ಈಗ ಫ್ಲಜೆಲ್ಲಿನ್ ತುಣುಕಿಗೆ ಪ್ರತಿಕ್ರಿಯಿಸಿದವು.

"ಓ, ಗಾಯ ಆದರೆ ಸಾಕು" ಅಂತ ಬರೆದುಕೊಂಡಿದ್ದೆ. ಅದು ತಪ್ಪು. ಗಾಯ, ಬಾಲ ಎರಡೂ ಒಂದೇ ಜಾಗದಲ್ಲಿ ಸೇರಬೇಕು. ನಾನು ನೆನಪಿಟ್ಟುಕೊಂಡದ್ದು ನಮ್ಮ ಆಲೂರು ಕಡೆಯ ಲೆಕ್ಕದಲ್ಲಿ. ರಸ್ತೆಯಲ್ಲಿ ಆನೆ ಲದ್ದಿ ಕಂಡರೆ, ಆನೆ ದಾಟಿ ಹೋಗಿದೆ ಅಷ್ಟೇ. ಬರೀ ಬೇಲಿ ಮುರಿದಿದ್ದರೆ ಕೊಂಬೆ ಬಿದ್ದಿರಬಹುದು. ಮುರಿದ ಬೇಲಿಯ ಪಕ್ಕದಲ್ಲೇ ಹಸಿ ಲದ್ದಿ ಇದ್ದರೆ ಊರೆಲ್ಲ ಏಳುತ್ತದೆ. ಎಲ್ಲಿ ಮುರಿದಿದೆಯೋ ಅಲ್ಲಿ ಮಾತ್ರ ಕಾವಲು, ಇಡೀ ತೋಟಕ್ಕಲ್ಲ. ಪರೀಕ್ಷೆಗೆ "ಬೇಲಿ, ಲದ್ದಿ" ಎರಡೇ ಪದ ಸಾಕು.

ಹಾಗಾದರೆ ಶುಂಠಿ ಯಾಕೆ ಸೊರಗುತ್ತದೆ? ಸೊರಗು ರೋಗ ತರುವ ಬ್ಯಾಕ್ಟೀರಿಯಾ ರಾಲ್‌ಸ್ಟೋನಿಯಾ ಗಾಯದಲ್ಲೂ ಪಕ್ಕಬೇರು ಸೀಳಿಕೊಂಡು ಬರುವ ಜಾಗದಲ್ಲೂ ನುಗ್ಗುತ್ತದೆ. ಗುದ್ದಲಿ ತಾಗಿದ ಬೇರು, ಜಂತುಹುಳು ಕೊರೆದ ಬೇರು, ಎರಡೂ ಅದಕ್ಕೆ ದಾರಿ. ಆದರೆ ಅದರ ಬಾಲದಲ್ಲಿ ಆ 22ರ ತುಣುಕು ಬೇರೆ ಥರ ಇದೆ. ಅರಬಿಡಾಪ್ಸಿಸ್‌ನ ಎಫ್‌ಎಲ್‌ಎಸ್2ಗೆ ಅದರ ಗುರುತೇ ಸಿಗುವುದಿಲ್ಲ. ಶುಂಠಿ ಬೇರೆ ಗಿಡ, ಆದರೂ ಬೇಲಿ ಮುರಿದ ಮಾತ್ರಕ್ಕೆ ಕಾವಲು ಗ್ಯಾರಂಟಿ ಇಲ್ಲ ಅನ್ನುವುದು ನನಗೆ ಇಲ್ಲಿ ಗೊತ್ತಾಯಿತು.

ಕಳೆದ ಮಳೆಗಾಲ ಅಪ್ಪ ಸೊರಗಿದ ಶುಂಠಿಯ ಕಾಂಡ ಕೊಯ್ದು, ಗಾಜಿನ ಲೋಟದ ನೀರಿನಲ್ಲಿ ಇಳಿಬಿಟ್ಟಿದ್ದರು. ಸ್ವಲ್ಪ ಹೊತ್ತಿಗೆ ಕೊಯ್ದ ಬಾಯಿಂದ ಹಾಲಿನಂಥ ಬಿಳಿ ಎಳೆ ನಿಧಾನಕ್ಕೆ ಕೆಳಗಿಳಿಯಿತು. ಆಗ ಸುಮ್ನೆ ನೋಡಿದ್ದೆ. ಎಂಡೋಡರ್ಮಿಸ್ ದಾಟಿ ಕ್ಸೈಲಂ ತುಂಬಿಕೊಂಡಿದ್ದ ಬ್ಯಾಕ್ಟೀರಿಯಾ ಅದು.