ವಾಕರ್ ಅಂದರೆ ಉಣ್ಣೆ ತುಳಿಯುವವರು

ಬೆಂಗಳೂರಿನ ಕಾಕ್ಸ್ ಟೌನ್, ಕೆಜಿಎಫ್, ಹುಬ್ಬಳ್ಳಿ ರೈಲ್ವೆ ಕಾಲನಿ. ಈ ಕಡೆಯ ಆಂಗ್ಲೋ ಇಂಡಿಯನ್ ಕುಟುಂಬಗಳಿಗೆ ಅವರ ಹಿರಿಯರ ದಾಖಲೆ ಹುಡುಕಿಕೊಡುವುದು ನನ್ನ ಕೆಲಸ. ಆ ಮನೆಗಳ ಮಕ್ಕಳು ಈಗ ಬಹಳಷ್ಟು ಮಂದಿ ಆಸ್ಟ್ರೇಲಿಯಾದಲ್ಲೋ ಇಂಗ್ಲೆಂಡಿನಲ್ಲೋ ಇದ್ದಾರೆ. ಅವರು ಕೇಳುವ ಮೊದಲ ಪ್ರಶ್ನೆ ಹೆಚ್ಚೂಕಮ್ಮಿ ಒಂದೇ. "ನಮ್ಮ ಸರ್‌ನೇಮ್ ಇದು, ಹಾಗಾದರೆ ಇಂಗ್ಲೆಂಡಿನಲ್ಲಿ ನಮ್ಮ ಮೂಲ ಊರು ಯಾವುದು?"

ಹೆಸರು ಎಷ್ಟು ಹೇಳುತ್ತದೆ, ಎಲ್ಲಿ ಸುಮ್ಮನಾಗುತ್ತದೆ ಎಂದು ತೋರಿಸಲು ನಾನು ಸಾಮಾನ್ಯವಾಗಿ ವಾಕರ್ ಹೆಸರನ್ನೇ ತೆಗೆದುಕೊಳ್ಳುತ್ತೇನೆ. ಎಲ್ಲರಿಗೂ ಗೊತ್ತಿರುವ ಹೆಸರು. ಆದರೆ ಅದರ ಅರ್ಥವನ್ನು ಬಹುತೇಕ ಎಲ್ಲರೂ ತಪ್ಪು ತಿಳಿದಿದ್ದಾರೆ.

ವಾಕ್ ಅಂದರೆ ನಡೆ, ಹಾಗಾಗಿ ವಾಕರ್ ಅಂದರೆ ನಡೆಯುವವನು ಅನ್ನುತ್ತಾರೆ. ಈ ತಿಳಿವಳಿಕೆಯನ್ನು ಗಟ್ಟಿ ಮಾಡಿದ್ದು ಒಂದು ವಿಸ್ಕಿ ಬಾಟಲಿ. ಸ್ಕಾಟ್ಲೆಂಡಿನ ಕಿಲ್ಮಾರ್ನಕ್‌ನಲ್ಲಿ 1820ರಲ್ಲಿ ದಿನಸಿ ಅಂಗಡಿ ಇಟ್ಟ ಜಾನ್ ವಾಕರ್ ಹೆಸರಿನ ವಿಸ್ಕಿಗೆ, 1908ರಲ್ಲಿ ಟಾಮ್ ಬ್ರೌನ್ ಎಂಬ ಚಿತ್ರಕಾರ ಟೋಪಿ ಹಾಕಿ ಬೀಸು ಹೆಜ್ಜೆ ಇಡುವ ಗಂಡಸಿನ ಚಿತ್ರ ಬರೆದುಕೊಟ್ಟರು. ಜಾಹೀರಾತಿಗೆ ಹೇಳಿಮಾಡಿಸಿದ ಚಿತ್ರ ಅದು. ಸರ್‌ನೇಮಿನ ಮೂಲ ಮಾತ್ರ ಬೇರೆ.

ವಾಕರ್ ಎಂಬುದು ಕಸುಬಿನ ಹೆಸರು. ಹಳೆಯ ಇಂಗ್ಲಿಷಿನಲ್ಲಿ 'ವೆಯಲ್ಕನ್' ಅಂದರೆ ಹೊರಳಿಸು, ಉರುಳಾಡಿಸು. ಅದರಿಂದ ಬಂದ 'ವೆಯಲ್ಕೆರೆ' ಎಂದರೆ ನೇಯ್ದ ಉಣ್ಣೆ ಬಟ್ಟೆಯನ್ನು ತುಳಿದು ಹದಮಾಡುವವನು. ಮಧ್ಯಕಾಲದ ಇಂಗ್ಲೆಂಡು ಬದುಕಿದ್ದೇ ಉಣ್ಣೆಯ ಮೇಲೆ. ಹಾಗಾಗಿ ಈ ಕೆಲಸವನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು.

ಮಗ್ಗದಿಂದ ಇಳಿದ ಉಣ್ಣೆ ಬಟ್ಟೆ ಹಾಗೇ ತೊಡಲು ಬರುವುದಿಲ್ಲ. ನೇಯ್ಗೆ ಸಡಿಲ, ಮೈತುಂಬಾ ಜಿಡ್ಡು. ಅದನ್ನು ತೊಟ್ಟಿಯಲ್ಲಿ ಹಾಕಿ ನೀರು, ಹಳಸಿದ ಮೂತ್ರ ಮತ್ತು ಒಂದು ಬಗೆಯ ಜೇಡಿಮಣ್ಣು ಸೇರಿಸಿ ಬರಿಗಾಲಲ್ಲಿ ತುಳಿಯುತ್ತಿದ್ದರು. ಮೂತ್ರ ಹಳಸಿದಾಗ ಅಮೋನಿಯಾ ಆಗುತ್ತದೆ, ಅದು ಜಿಡ್ಡು ಬಿಡಿಸುತ್ತದೆ. ಮಣ್ಣು ಆ ಜಿಡ್ಡನ್ನು ಹೀರುತ್ತದೆ. ಆ ಮಣ್ಣಿಗೆ ಇಂಗ್ಲಿಷಿನಲ್ಲಿ ಫುಲ್ಲರ್ಸ್ ಅರ್ಥ್ ಎಂದು ಹೆಸರು. ನಮ್ಮಲ್ಲಿ ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿ ಇದೇ ಜಾತಿಯ ಮಣ್ಣು. ಗಂಟೆಗಟ್ಟಲೆ ತುಳಿದ ಮೇಲೆ ಬಟ್ಟೆ ಕುಗ್ಗುತ್ತದೆ, ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ದಪ್ಪವಾಗುತ್ತದೆ. ಚಳಿ, ಮಳೆ ತಡೆಯುವ ಗುಣ ಬರುವುದು ಆಗಲೇ. ನಂತರ ಅದನ್ನು ಬಯಲಲ್ಲಿ ಮರದ ಚೌಕಟ್ಟಿನ ಕೊಕ್ಕೆಗಳಿಗೆ ಸಿಕ್ಕಿಸಿ, ಎಳೆದು ಒಣಗಿಸುತ್ತಿದ್ದರು. ಆ ಚೌಕಟ್ಟಿಗೆ ಟೆಂಟರ್ ಎನ್ನುತ್ತಾರೆ. ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ಟೆಂಟರ್ ಗ್ರೌಂಡ್ ಎಂಬ ಬೀದಿ ಈಗಲೂ ಇದೆ.

12ನೇ ಶತಮಾನದ ಹೊತ್ತಿಗೆ ಕಾಲಿನ ಕೆಲಸವನ್ನು ನೀರಿನ ಗಿರಣಿ ವಹಿಸಿಕೊಳ್ಳತೊಡಗಿತು. ನೀರಿನ ಚಕ್ರ ತಿರುಗಿದಂತೆ ಮರದ ದೊಡ್ಡ ಕೊಡತಿಗಳು ಎದ್ದು ಬಿದ್ದು ಬಟ್ಟೆಯನ್ನು ಬಡಿಯುತ್ತಿದ್ದವು. 1185ರಲ್ಲಿ ಟೆಂಪ್ಲರ್ ಎಂಬ ಕ್ರೈಸ್ತ ಯೋಧ ಸನ್ಯಾಸಿಗಳ ಪಂಗಡದವರು ತಮ್ಮ ಆಸ್ತಿಪಾಸ್ತಿಯ ಲೆಕ್ಕ ಬರೆಸಿದಾಗ ಯಾರ್ಕ್‌ಷೈರಿನ ಇಂಥ ಒಂದು ಗಿರಣಿ ಅದರಲ್ಲಿ ಸೇರಿತ್ತು. ಗಿರಣಿ ಬಂದರೂ ಕಸುಬಿನ ಹೆಸರು ಬದಲಾಗಲಿಲ್ಲ. ಗಿರಣಿಯನ್ನೇ 'ವಾಕ್ ಮಿಲ್' ಎಂದು ಕರೆದರು. ವೇಲ್ಸ್‌ನಲ್ಲಿ ಇದಕ್ಕೆ 'ಪಂಡಿ' ಎನ್ನುತ್ತಾರೆ. ಟೋನಿಪಂಡಿ ಎಂಬ ಊರಿನ ಹೆಸರಿನಲ್ಲಿ ಇರುವುದು ಇದೇ ಪದ. ಸ್ಕಾಟ್ಲೆಂಡಿನ ಹೆಬ್ರಿಡೀಸ್ ದ್ವೀಪಗಳಲ್ಲಂತೂ 20ನೇ ಶತಮಾನದವರೆಗೂ ಹೆಂಗಸರು ಹಲಗೆಯ ಸುತ್ತ ಕೂತು, ಗೇಲಿಕ್ ಹಾಡು ಹೇಳುತ್ತಾ, ಒದ್ದೆ ಬಟ್ಟೆಯನ್ನು ತಾಳಕ್ಕೆ ಸರಿಯಾಗಿ ಬಡಿಯುತ್ತಿದ್ದರು. ಆ ಹಾಡುಗಳು ಈಗಲೂ ಉಳಿದಿವೆ. ನಮ್ಮ ಬೀಸುಕಲ್ಲಿನ ಪದ ಕೇಳಿದವರಿಗೆ ಅವು ತಕ್ಷಣ ಹಿಡಿಸುತ್ತವೆ.

ಈಗ ನನ್ನಂಥವರಿಗೆ ನಿಜಕ್ಕೂ ಉಪಯೋಗಕ್ಕೆ ಬರುವ ಸಂಗತಿಗೆ ಬರುತ್ತೇನೆ. ಇದೇ ಒಂದು ಕಸುಬಿಗೆ ಇಂಗ್ಲೆಂಡಿನಲ್ಲಿ ಮೂರು ಹೆಸರುಗಳಿದ್ದವು. ಉತ್ತರದಲ್ಲಿ ಮತ್ತು ಪಶ್ಚಿಮ ಮಿಡ್‌ಲ್ಯಾಂಡ್ಸ್‌ನಲ್ಲಿ ವಾಕರ್. ಆಗ್ನೇಯದ ಸಸೆಕ್ಸ್, ಕೆಂಟ್, ಪೂರ್ವದ ನಾರ್ಫೋಕ್, ಸಫೋಕ್ ಕಡೆ ಫುಲ್ಲರ್. ನೈಋತ್ಯದ ಡೆವನ್, ಸಾಮರ್ಸೆಟ್ ಕಡೆ ಟಕ್ಕರ್. ಡೆವನ್ನಿನ ಎಕ್ಸಿಟರ್ ಪಟ್ಟಣದಲ್ಲಿ ಈ ಕಸುಬಿನವರ ಸಂಘ 1471ರಲ್ಲಿ ಕಟ್ಟಿಸಿದ ಟಕ್ಕರ್ಸ್ ಹಾಲ್ ಇಂದಿಗೂ ನಿಂತಿದೆ. ಹಾಗಾಗಿ ಯಾರಾದರೂ ಟಕ್ಕರ್ ಎಂದರೆ ನನ್ನ ಕಣ್ಣು ಮೊದಲು ಡೆವನ್ ಕಡೆ ಹೋಗುತ್ತದೆ. ವಾಕರ್ ಎಂದರೆ ಯಾರ್ಕ್‌ಷೈರ್, ಲ್ಯಾಂಕಷೈರ್ ಕಡೆ. 1881ರ ಜನಗಣತಿಯಿಂದ ಮಾಡಿದ ನಕ್ಷೆಗಳಲ್ಲೂ, ಅಷ್ಟು ಶತಮಾನ ಕಳೆದ ಮೇಲೂ, ಈ ಹಂಚಿಕೆ ಚೆನ್ನಾಗಿ ಕಾಣುತ್ತದೆ.

ಕಸುಬು ಮನೆತನದ ಹೆಸರಾಗಿ ನಿಂತದ್ದು ನಿಧಾನವಾಗಿ. 1066ರಲ್ಲಿ ನಾರ್ಮನ್ನರು ಬಂದ ಮೇಲೆ ಮೊದಲು ಜಮೀನುದಾರರು ತಲೆಮಾರಿನಿಂದ ತಲೆಮಾರಿಗೆ ಒಂದೇ ಹೆಸರು ಇಟ್ಟುಕೊಳ್ಳತೊಡಗಿದರು. ಆಮೇಲೆ ಸಾಮಾನ್ಯ ಜನ. 1379ರ ತಲೆಗಂದಾಯದ ಪಟ್ಟಿಯಲ್ಲಿ ಯಾರ್ಕ್‌ಷೈರಿನ ಊರೂರಿನ ಜನರ ಹೆಸರುಗಳಿವೆ, ಕೆಲವರ ಕಸುಬೂ ಇದೆ. ಕಸುಬೇ ಹೆಸರಾಗುವ ಹೊತ್ತು ಹೇಗಿತ್ತು ಎಂದು ಅಲ್ಲಿ ಕಾಣಬಹುದು. ಉತ್ತರ ಕರ್ನಾಟಕದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಬಡಿಗೇರ, ಕಂಬಾರ, ಪತ್ತಾರ ಎಂಬ ಅಡ್ಡಹೆಸರುಗಳು ಹುಟ್ಟಿದ್ದೂ ಕಸುಬಿನಿಂದಲೇ. ಬಾಗಲಕೋಟೆಯ ಒಬ್ಬ ಬಡಿಗೇರ, ಬೀದರಿನ ಇನ್ನೊಬ್ಬ ಬಡಿಗೇರ ನೆಂಟರಾಗಬೇಕೆಂದೇನಿಲ್ಲ, ಅಲ್ವಾ?

ವಾಕರ್ ಕಥೆಯೂ ಅಷ್ಟೇ. ಹೊಳೆ ಇದ್ದು, ಕುರಿ ಇದ್ದು, ಮಗ್ಗ ಇದ್ದ ಕಡೆಯಲ್ಲೆಲ್ಲ ಒಬ್ಬ ವಾಕರ್ ಬೇಕಿತ್ತು. ಹೀಗೆ ನೂರಾರು ಊರುಗಳಲ್ಲಿ, ಒಂದಕ್ಕೊಂದು ಸಂಬಂಧವಿಲ್ಲದೆ, ಈ ಹೆಸರು ಹುಟ್ಟಿತು. ಸಾಲದೆಂದು ನ್ಯೂಕ್ಯಾಸಲ್ ಹತ್ತಿರ ವಾಕರ್ ಎಂಬ ಊರೇ ಇದೆ. ಅದರ ಹೆಸರು ಬಂದದ್ದು ಅಲ್ಲಿಯೇ ಹಾದುಹೋಗುವ ರೋಮನ್ನರ ಗೋಡೆ ಮತ್ತು ಪಕ್ಕದ ಜೌಗು ನೆಲದಿಂದ. ಆ ಊರಿನಿಂದ ಬಂದ ವಾಕರ್‌ಗಳೂ ಇರಬಹುದು, ಅವರಿಗೆ ಉಣ್ಣೆಯ ನಂಟೇ ಬೇಕಿಲ್ಲ.

2009ರಲ್ಲಿ ಲೆಸ್ಟರ್ ವಿಶ್ವವಿದ್ಯಾಲಯದ ಟೂರಿ ಕಿಂಗ್ ಮತ್ತು ಮಾರ್ಕ್ ಜಾಬ್ಲಿಂಗ್ ಬ್ರಿಟನ್ನಿನ 40 ಸರ್‌ನೇಮ್‌ಗಳ ಗಂಡಸರ ವೈ ಕ್ರೋಮೋಸೋಮ್, ಅಂದರೆ ತಂದೆಯಿಂದ ಮಗನಿಗೆ ಮಾತ್ರ ಬರುವ ವಂಶವಾಹಿ ಎಳೆ, ಪರೀಕ್ಷಿಸಿದರು. ಅಟೆನ್‌ಬರೋದಂಥ ಅಪರೂಪದ ಹೆಸರಿನವರಲ್ಲಿ ಬಹಳ ಜನ ಒಬ್ಬನೇ ಮೂಲಪುರುಷನ ಕಡೆಯವರು. ಸ್ಮಿತ್‌ನಂಥ ಸಾಮಾನ್ಯ ಹೆಸರಿನವರು ಮಾತ್ರ ಬೀದಿಯಲ್ಲಿ ಸಿಕ್ಕ ಯಾರೋ ಇಬ್ಬರಷ್ಟೇ ದೂರ. ನನ್ನ ಕೆಲಸಕ್ಕೆ ಇದಕ್ಕಿಂತ ಜಾಸ್ತಿ ನೆರವಾದ ಸಂಶೋಧನೆ ಇನ್ನೊಂದಿಲ್ಲ. ಕಸುಬಿನ ಹೆಸರಿನವರು ನೆಂಟಸ್ತಿಕೆಯನ್ನು ಹೆಸರಿನ ಮೇಲೆ ಕಟ್ಟಬಾರದು.

ಅಮೆರಿಕದಲ್ಲಿ ಇದು ಇನ್ನೂ ಸ್ಪಷ್ಟ. ಅಲ್ಲಿಯ 2010ರ ಜನಗಣತಿಯಲ್ಲಿ ವಾಕರ್ 31ನೇ ಸ್ಥಾನದಲ್ಲಿದೆ, ಐದು ಲಕ್ಷಕ್ಕೂ ಹೆಚ್ಚು ಜನ. ಅವರಲ್ಲಿ ಸುಮಾರು ಮೂರನೇ ಒಂದು ಭಾಗ ಕಪ್ಪು ಜನಾಂಗದವರು. ಗುಲಾಮಗಿರಿಯ ಕಾಲದಲ್ಲಿ ಮತ್ತು ಅದು ಮುಗಿದ ಮೇಲೆ ನಾನಾ ದಾರಿಗಳಲ್ಲಿ ಆ ಹೆಸರು ಅವರಿಗೆ ಬಂತು. ಕೂದಲಿನ ಆರೈಕೆಯ ಸಾಮಾನು ಮಾರಿ ದೊಡ್ಡ ಉದ್ಯಮಿಯಾದ ಮೇಡಂ ಸಿ. ಜೆ. ವಾಕರ್ 1867ರಲ್ಲಿ ಹುಟ್ಟಿದಾಗ ಸಾರಾ ಬ್ರೀಡ್‌ಲವ್. ವಾಕರ್ ಆಕೆಯ ಗಂಡನ ಹೆಸರು. ಇನ್ನು ಅಮೆರಿಕದ ಅಧ್ಯಕ್ಷರಾದ ಬುಷ್ ತಂದೆ ಮಗ ಇಬ್ಬರ ಹೆಸರಿನ ನಡುವೆಯೂ ವಾಕರ್ ಇದೆ, ಅದು ತಂದೆ ಬುಷ್ ಅವರ ತಾಯಿಯ ತವರಿನದು.

ನಮ್ಮ ಕಡೆಯ ಕುಟುಂಬಗಳಿಗೂ ಹೆಸರು ಹೀಗೇ ನಾನಾ ದಾರಿಯಲ್ಲಿ ಬಂದಿದೆ. ಸೈನಿಕ ತಂದೆಯಿಂದ ಬಂದಿರಬಹುದು, ಸಾಕಿದವರಿಂದ ಬಂದಿರಬಹುದು, ಬ್ಯಾಪ್ಟಿಸಂ ಸಮಯದಲ್ಲಿ ಇಟ್ಟದ್ದೂ ಇರಬಹುದು. ಹಾಗಾಗಿ ಹೆಸರಿನ ಅರ್ಥ ಹಿಡಿದು ಯಾರ್ಕ್‌ಷೈರಿಗೆ ಟಿಕೆಟ್ ತೆಗೆಯುವ ಮೊದಲು ಇಲ್ಲಿಯ ಕಾಗದ ನೋಡಿ ಎನ್ನುತ್ತೇನೆ. ಬೆಂಗಳೂರಿನ ಆಂಗ್ಲಿಕನ್ ಚರ್ಚುಗಳ ಬ್ಯಾಪ್ಟಿಸಂ, ಮದುವೆ, ಸಮಾಧಿ ದಾಖಲೆಗಳ ನಕಲು ಬ್ರಿಟಿಷರ ಕಾಲದಲ್ಲಿ ಮದ್ರಾಸಿಗೆ ಹೋಗಿ, ಅಲ್ಲಿಂದ ಲಂಡನ್ನಿಗೆ ಹೋಗುತ್ತಿತ್ತು. ಅವು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಮಗುವಿನ ಬ್ಯಾಪ್ಟಿಸಂ ದಾಖಲೆಯಲ್ಲಿ ತಂದೆಯ ಕೆಲಸ ಬರೆದಿರುತ್ತಾರೆ. ಸೈನಿಕನಾಗಿದ್ದರೆ ಎಷ್ಟೋ ಸಲ ರೆಜಿಮೆಂಟಿನ ಹೆಸರೂ ಸಿಗುತ್ತದೆ. ಅದು ಸಿಕ್ಕರೆ ಪಿಂಚಣಿ ಕಾಗದಕ್ಕೆ ಹೋಗಬಹುದು, ಅದರಲ್ಲಿ ಆತ ಹುಟ್ಟಿದ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಪ್ರದೇಶ) ಮತ್ತು ಸೈನ್ಯಕ್ಕೆ ಸೇರುವ ಮೊದಲು ಮಾಡುತ್ತಿದ್ದ ಕಸುಬು ಎರಡೂ ಇರುತ್ತವೆ. ಪ್ಯಾರಿಷ್ ಇಂಗ್ಲೆಂಡಿನದಾದರೆ ಅಲ್ಲಿಯ ಚರ್ಚಿನ ದಾಖಲೆಯಲ್ಲಿ ಹಿಂದಕ್ಕೆ ಹೋಗಬಹುದು. ಅಂಥ ದಾಖಲೆ ಇಡಬೇಕೆಂದು 1538ರಲ್ಲೇ ಆಜ್ಞೆಯಾಗಿತ್ತು, ಎಲ್ಲ ಕಡೆ ಅಷ್ಟು ಹಳೆಯದು ಉಳಿದಿಲ್ಲ ಅಷ್ಟೆ. ಮನೆಯಲ್ಲಿ ಅಜ್ಜ, ಮುತ್ತಜ್ಜನ ಬ್ಯಾಪ್ಟಿಸಂ ಚೀಟಿ, ರೈಲ್ವೆ ಸರ್ವಿಸ್ ಪುಸ್ತಕ, ಮೆಡಲ್ ಏನೇ ಇದ್ದರೂ ಫೋಟೊ ತೆಗೆದು ಇಟ್ಟುಕೊಳ್ಳಿ. ಮೆಡಲಿನ ಅಂಚನ್ನು ಸರಿಯಾಗಿ ನೋಡಿ, ಸೈನಿಕನ ಹೆಸರು ಮತ್ತು ರೆಜಿಮೆಂಟ್ ಅಲ್ಲಿ ಕೆತ್ತಿರುವುದುಂಟು.