ಮೈಸೂರಿನ ಸೈಟೂ ಫ್ಯಾಫ್ಸಾ ಫಾರ್ಮೂ

ಅಕ್ಟೋಬರ್ ಬಂತೆಂದರೆ ನನ್ನ ಫೋನಿಗೆ ಪುರುಸೊತ್ತಿಲ್ಲ. ನ್ಯೂಜೆರ್ಸಿಯ ಕನ್ನಡದ ಮನೆಗಳಲ್ಲಿ ಟ್ವೆಲ್ತ್ ಗ್ರೇಡ್ ಮಕ್ಕಳಿದ್ದವರಿಗೆ ಅದು ಫ್ಯಾಫ್ಸಾ, ಅಂದರೆ ಕಾಲೇಜು ಓದಿಗೆ ಅಮೆರಿಕ ಸರ್ಕಾರದ ಹಣದ ನೆರವು ಕೇಳುವ ಅರ್ಜಿ, ತುಂಬುವ ಕಾಲ. ಅಕೌಂಟ್ ತೆರೆಯುವುದು, ಐಆರ್‌ಎಸ್ (ಅಲ್ಲಿನ ತೆರಿಗೆ ಇಲಾಖೆ) ಮಾಹಿತಿಗೆ ಒಪ್ಪಿಗೆ ಕೊಡುವುದು ಎಲ್ಲ ಸರಾಗ. ಐಟಿಯವರಿಗೆ ಅದನ್ನು ನಾನೇನು ಹೇಳಿಕೊಡಲಿ? ಅಪ್ಪ ಅಮ್ಮನ ಆಸ್ತಿ ಕೇಳುವ ಪುಟ ಬಂದಾಗ ಮಾತ್ರ ದನಿ ಸಣ್ಣದಾಗುತ್ತದೆ. "ಸರ್, ಮೈಸೂರಿನ ಸೈಟು ಹಾಕೋದು ಬೇಡ ಅಲ್ವಾ? ಅದು ಇಂಡಿಯಾದಲ್ಲಿದೆ."

ಹಾಕಬೇಕು. ಆಸ್ತಿ ಯಾವ ದೇಶದಲ್ಲಿದೆ ಅನ್ನುವುದು ಲೆಕ್ಕಕ್ಕಿಲ್ಲ. ನೀವು ವಾಸವಿರುವ ಮನೆಯನ್ನು ಬಿಡಬಹುದು. ಖಾಲಿ ಸೈಟು, ಬಾಡಿಗೆಗೆ ಕೊಟ್ಟ ಬೆಂಗಳೂರಿನ ಫ್ಲ್ಯಾಟು, ಎನ್‌ಆರ್‌ಇ (ಅನಿವಾಸಿ ಭಾರತೀಯರ ಖಾತೆಯ) ಡಿಪಾಸಿಟ್ಟು ಬಿಡುವಂತಿಲ್ಲ. ಬರೆಯಬೇಕಾದ್ದು ನೀವು ಕೊಂಡ ಬೆಲೆಯಲ್ಲ, ಫಾರ್ಮಿಗೆ ಸಹಿ ಹಾಕುವ ದಿನದ ಬೆಲೆ. ಅದರ ಮೇಲೆ ಸಾಲ ಇದ್ದರೆ ಕಳೆಯಿರಿ. ತಮ್ಮನ ಜೊತೆ ಜಂಟಿಯಾಗಿದ್ದರೆ ನಿಮ್ಮ ಪಾಲು ಮಾತ್ರ. ಅಪ್ಪನ ಹೆಸರಿನಲ್ಲಿದ್ದರೆ, "ಮುಂದೆ ನಂಗೇ ಬರುತ್ತೆ" ಅಂತ ನೀವೆಷ್ಟೇ ನಂಬಿದ್ದರೂ, ಇವತ್ತಿಗೆ ಅದು ನಿಮ್ಮದಲ್ಲ. ಭಾಗವಾಗದ ಪಿತ್ರಾರ್ಜಿತ ಆಸ್ತಿ ಮಾತ್ರ ಕಗ್ಗಂಟು. ಅದಕ್ಕೆ ನಾನು ಫೋನಿನಲ್ಲಿ ಉತ್ತರ ಕೊಡುವುದಿಲ್ಲ. ಕಾಲೇಜಿನಲ್ಲಿ ಈ ನೆರವು ನೋಡಿಕೊಳ್ಳುವ ಏಡ್ ಆಫೀಸಿಗೆ ಇಮೇಲ್ ಬರೆದು ಕೇಳಿ, ಉತ್ತರವನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ಮಂಡ್ಯ ಕಡೆಯವರೊಬ್ಬರು ನನಗೆ ಬಹಳ ಬೇಕಾದವರು. ಊರಿಂದ ಬೆಲ್ಲ ಬಂದರೆ ನನಗೂ ಒಂದು ಅಚ್ಚು ತಪ್ಪದು. 2026-27ರ ಸಾಲಿನಿಂದ ಕುಟುಂಬ ವಾಸವಿರುವ ಹೊಲಗದ್ದೆಗೆ ವಿನಾಯಿತಿ ಅಂತ ಎಲ್ಲೋ ಓದಿ ಓಡಿ ಬಂದರು. "ನಾವೂ ರೈತರೇ ಅಲ್ವಾ ಸರ್?" ಇವರಿರುವುದು ಎಡಿಸನ್‌ನಲ್ಲಿ. ಕಬ್ಬು ಬೆಳೆಯುವವನು ಊರಲ್ಲಿರುವ ಚಿಕ್ಕಪ್ಪನ ಮಗ. "ವಾಸವಿರುವ" ಅಂತಲೂ ಅಲ್ಲೇ ಬರೆದಿದೆಯಲ್ಲ ಸ್ವಾಮಿ ಅಂದೆ. ನಕ್ಕರು, ಒಪ್ಪಲಿಲ್ಲ.

ಅವರದ್ದಾದರೂ ಬರೀ ವಾದ. ಸೈಟನ್ನು ಮಗಳ ಹೆಸರಿಗೆ ಮಾಡಿಸಿ "ಈಗ ನಮ್ಮದೇನಿಲ್ಲ" ಅಂತ ಬಂದವರಿದ್ದಾರೆ! ಲೆಕ್ಕ ನೋಡಿ. ಒಂದು ಲಕ್ಷ ಡಾಲರಿನ ಸೈಟು ಅಪ್ಪ ಅಮ್ಮನ ಹೆಸರಿನಲ್ಲಿದ್ದರೆ ಎಸ್‌ಎಐ (ನೆರವು ಎಷ್ಟೆಂದು ಲೆಕ್ಕ ಹಾಕಲು ಫಾರ್ಮಿನಿಂದ ಬರುವ ಅಂಕಿ) ಏರುವುದು ಹೆಚ್ಚೆಂದರೆ ಸೈಟಿನ ಬೆಲೆಯ ಶೇ. 5.64, ಅಂದರೆ 5,640 ಡಾಲರ್. ಅದೇ ಸೈಟು ವಿದ್ಯಾರ್ಥಿಯ ಹೆಸರಿಗೆ ಹೋದರೆ ಶೇ. 20, ಅಂದರೆ 20,000. ಎಸ್‌ಎಐ ಏರಿದಷ್ಟೂ ಸಿಗುವ ನೆರವು ಕಡಿಮೆಯಾಗುತ್ತದೆ. ಸಾಲದ್ದಕ್ಕೆ ಗಿಫ್ಟ್ ಟ್ಯಾಕ್ಸ್ ರಿಟರ್ನಿನ ರಗಳೆ ಬೇರೆ. ಸುಮ್ನೆ ಬಿಟ್ಟಿದ್ದರೆ ಒಳ್ಳೆಯದಿತ್ತು. ಇನ್ನು ಬೇಕಂತಲೇ ಮುಚ್ಚಿಡುವವರಿಗೆ ಒಂದೇ ಮಾತು: ಸುಳ್ಳು ಮಾಹಿತಿಗೆ 20,000 ಡಾಲರ್‌ವರೆಗೆ ದಂಡ, ಜೈಲೂ ಆಗಬಹುದು.

ತಮಾಷೆ ಅಂದರೆ, ಸೈಟು ಬಚ್ಚಿಡುವವರೇ ಯಾರೂ ಕೇಳದ 401ಕೆ (ನಿವೃತ್ತಿಯ ಉಳಿತಾಯ) ದುಡ್ಡನ್ನೂ ಇರುವ ಮನೆಯ ಬೆಲೆಯನ್ನೂ ಹೂಡಿಕೆಯ ಕಾಲಂನಲ್ಲಿ ತುಂಬಿರುತ್ತಾರೆ. ಎಷ್ಟೋ ಸಲ ಅವೆರಡನ್ನು ತೆಗೆದು ಸೈಟು ಸೇರಿಸಿದರೂ ಒಟ್ಟು ಮೊತ್ತ ಇಳಿಯುತ್ತದೆ.

ಇದೆಲ್ಲ ಫ್ಯಾಫ್ಸಾ ಮಟ್ಟಿಗೆ. ಕೆಲವು ಖಾಸಗಿ ಕಾಲೇಜುಗಳು ಸಿಎಸ್‌ಎಸ್ ಪ್ರೊಫೈಲ್ ಅನ್ನುವ ಇನ್ನೊಂದು ಫಾರ್ಮ್ ಕೇಳುತ್ತವೆ. ಅದರಲ್ಲಿ ಇರುವ ಮನೆಯ ಬೆಲೆಯೂ ಬೇಕು. ಅದಕ್ಕೆ ಇನ್ನೊಂದು ದಿನ ಫೋನ್ ಮಾಡಿ, ರಾತ್ರಿ ಒಂಬತ್ತರ ಮೇಲೆ ಮಾತ್ರ ಬೇಡ.